ಹೆದ್ದಾರಿ ಅಗಲವಾಯಿತು, ತೆರಿಗೆ ಇಳಿಯಿತು: ಕಾರಿನಲ್ಲಿ ಊರಿಗೆ ಹೊರಟ ಕುಟುಂಬ ರಾತ್ರಿ ತಂಗುವುದೆಲ್ಲಿ?

ದಸರಾ, ದೀಪಾವಳಿ ಅಥವಾ ಬೇಸಿಗೆ ರಜೆ ಹತ್ತಿರ ಬಂತೆಂದರೆ ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಕನ್ನಡಿಗರ ಮನೆಗಳಲ್ಲಿ ಒಂದೇ ಚರ್ಚೆ. ಈ ಸಲ ಊರಿಗೆ ಹೋಗುವುದು ಹೇಗೆ? ರೈಲಿನ ಟಿಕೆಟ್ ವೇಟಿಂಗ್ ಲಿಸ್ಟ್‌ನಲ್ಲಿರುತ್ತದೆ. ವಿಮಾನದ ದರವನ್ನು ಐದು ಜನರಿಗೆ ಗುಣಿಸಿದರೆ ಉತ್ಸಾಹವೇ ಇಳಿಯುತ್ತದೆ. ಕೊನೆಗೆ ಕಾರೇ ವಾಸಿ ಎಂಬ ತೀರ್ಮಾನಕ್ಕೆ ಬರುವವರು ಅನೇಕರು.

ಸರ್ಕಾರದ ಎರಡು ಕ್ರಮಗಳು ಈ ತೀರ್ಮಾನಕ್ಕೆ ಇನ್ನಷ್ಟು ಬಲ ಕೊಟ್ಟಿವೆ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ 3,000 ರೂ.ಗಳ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಜಾರಿಗೆ ಬಂತು. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅಲ್ಲಿಯವರೆಗೆ ಅದು ಚಾಲ್ತಿಯಲ್ಲಿರುತ್ತದೆ. ಅದೇ ವರ್ಷದ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಹೋಟೆಲ್ ಕೋಣೆಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಟೋಲ್ ಅಗ್ಗ, ರೂಮು ಅಗ್ಗ, ರಸ್ತೆ ಅಗಲ. ಇನ್ನೇನು ಬೇಕು?

ಬೇಕಾಗಿರುವುದು ಕತ್ತಲಾಗುವ ಮುನ್ನ ತಲುಪಬಹುದಾದ, ಅಜ್ಜಿ ಮೆಟ್ಟಿಲು ಹತ್ತದೆ ಮಲಗಬಹುದಾದ, ಬೆಂಕಿ ಬಿದ್ದರೆ ಹೊರಬರಲು ದಾರಿಯಿರುವ ಒಂದು ಜಾಗ. ಹೆದ್ದಾರಿಗೆ ಸಾವಿರಾರು ಕೋಟಿ ಸುರಿದ ದೇಶದಲ್ಲಿ ಈ ಒಂದು ರಾತ್ರಿಯ ವ್ಯವಸ್ಥೆ ಇನ್ನೂ ಪ್ರಯಾಣಿಕರ ಅದೃಷ್ಟಕ್ಕೆ ಬಿಟ್ಟದ್ದಾಗಿದೆ.

ತೆರಿಗೆ ಇಳಿದಿದ್ದರಿಂದ ಉಳಿಯುವುದೆಷ್ಟು?

ಮೊದಲು ಲೆಕ್ಕ ನೋಡೋಣ. 2,500 ರೂ. ಬಾಡಿಗೆಯ ಕೋಣೆಗೆ ಹಿಂದೆ 300 ರೂ. ತೆರಿಗೆ ಬೀಳುತ್ತಿತ್ತು. ಈಗ 125 ರೂ. ಎರಡು ಕೋಣೆ ಹಿಡಿದರೆ ಒಂದು ರಾತ್ರಿಗೆ 350 ರೂ. ಉಳಿತಾಯ. ದಾರಿಯ ಒಂದು ಹೊತ್ತಿನ ತಿಂಡಿಗೆ ಸಾಕಾಗುವಷ್ಟು ಹಣ.

ಆದರೆ ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಶೇ 5ರ ದರದಲ್ಲಿ ಹೋಟೆಲ್ ಮಾಲೀಕರಿಗೆ ಹುಟ್ಟುವಳಿ ತೆರಿಗೆ ಜಮೆ, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಆ ಹೊರೆಯನ್ನು ಮೂಲ ಬಾಡಿಗೆಗೆ ಸೇರಿಸುವ ಅವಕಾಶ ಅವರಿಗೆ ಇದ್ದೇ ಇದೆ. ಹಾಗಾಗಿ ತೆರಿಗೆಯ ಸಾಲನ್ನಷ್ಟೇ ನೋಡದೆ ಒಟ್ಟು ಬಿಲ್ ನೋಡಬೇಕು.

ಎರಡನೆಯದು 7,500 ರೂ.ಗಳ ಗೆರೆ. ಹಬ್ಬದ ವಾರಾಂತ್ಯದಲ್ಲಿ ಬಾಡಿಗೆ ಏರುವುದು ಸಾಮಾನ್ಯ. 7,500 ರೂ. ಕೋಣೆಗೆ ತೆರಿಗೆ ಸೇರಿ 7,875 ರೂ. ಆಗುತ್ತದೆ. ಅದೇ ಕೋಣೆ 8,000 ರೂ.ಗೆ ಏರಿದರೆ ತೆರಿಗೆ ಶೇ 18ಕ್ಕೆ ಜಿಗಿದು ಒಟ್ಟು 9,440 ರೂ. ಆಗುತ್ತದೆ. ಬಾಡಿಗೆ ಏರಿದ್ದು 500 ರೂ., ಜೇಬಿನಿಂದ ಹೋಗಿದ್ದು 1,565 ರೂ. ಹೆಚ್ಚು. ರಜೆಯ ದಿನಗಳಲ್ಲಿ ಈ ಗೆರೆಯ ಆಸುಪಾಸಿನ ಕೋಣೆ ಹುಡುಕುವವರು ಒಂದು ದಿನ ಹಿಂದುಮುಂದು ಮಾಡಿ ನೋಡಿದರೂ ಲಾಭವಿದೆ.

ವಾರ್ಷಿಕ ಪಾಸ್‌ಗೂ ಮಿತಿಯಿದೆ. ಅದು ನಡೆಯುವುದು ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳ ಟೋಲ್‌ಗಳಲ್ಲಿ ಮಾತ್ರ. ಮಹಾರಾಷ್ಟ್ರ ಸರ್ಕಾರದ ನಿಗಮದ ಅಡಿಯಲ್ಲಿರುವ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇನಲ್ಲಿ ಎಂದಿನಂತೆ ಹಣ ಕಡಿತವಾಗುತ್ತದೆ.

ಮೊದಲು ಗಂಟೆ, ಆಮೇಲೆ ಊರು, ಕೊನೆಗೆ ಹೋಟೆಲ್

ಬಹುತೇಕ ಕುಟುಂಬಗಳು ಈ ಕ್ರಮವನ್ನು ತಿರುಗುಮುರುಗು ಮಾಡುತ್ತವೆ. ಆ್ಯಪ್‌ನಲ್ಲಿ ಚೆನ್ನಾಗಿ ಕಂಡ ಹೋಟೆಲ್ ಮೊದಲು, ಅದಿರುವ ಊರು ಆಮೇಲೆ, ಅಲ್ಲಿಗೆ ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂಬ ಲೆಕ್ಕ ಕೊನೆಗೆ. ಇನ್ನು ಕೆಲವರದು ‘ಹೋದಷ್ಟು ದೂರ ಹೋಗೋಣ, ಸುಸ್ತಾದಾಗ ಎಲ್ಲಾದರೂ ನಿಲ್ಲೋಣ’ ಎಂಬ ಧೋರಣೆ. ಅಪಾಯ ಇರುವುದೇ ಇಲ್ಲಿ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 61,038 ಮಂದಿ ಪ್ರಾಣ ಬಿಟ್ಟದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ಒಟ್ಟು ರಸ್ತೆ ಜಾಲದ ಶೇ 2ರಷ್ಟಿರುವ ಹೆದ್ದಾರಿಗಳಲ್ಲಿ ಶೇ 36ರಷ್ಟು ಸಾವು. ದಿನದ ಹೊತ್ತಿನ ಲೆಕ್ಕ ತೆಗೆದರೆ ಅತಿ ಹೆಚ್ಚು ಅಪಘಾತ ನಡೆಯುವುದು ಸಂಜೆ 6ರಿಂದ 9ರ ನಡುವೆ. ದಣಿದ ಚಾಲಕ ‘ಇನ್ನೊಂದು ಐವತ್ತು ಕಿಲೋಮೀಟರ್ ಹೊಡೆದುಬಿಡೋಣ’ ಎನ್ನುವ ಹೊತ್ತೂ ಅದೇ. ಹಾಗಾಗಿ ರಾತ್ರಿಯ ಹೋಟೆಲ್ ಆಯ್ಕೆಯನ್ನು ಸೌಕರ್ಯದ ಜೊತೆಗೆ ರಸ್ತೆ ಸುರಕ್ಷತೆಯ ವಿಷಯವಾಗಿಯೂ ನೋಡಬೇಕಾಗುತ್ತದೆ.

ಮುಂಬೈ-ಬೆಂಗಳೂರು ದಾರಿಯನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಇದು ಸುಮಾರು 980 ಕಿ.ಮೀ. ಮಕ್ಕಳು, ಹಿರಿಯರು ಇರುವ ಕಾರು ಊಟ, ಚಹಾ, ಶೌಚಾಲಯ ಎಂದು ನಿಂತು ಸಾಗುವಾಗ ಗಂಟೆಗೆ ಸರಾಸರಿ 50 ಕಿ.ಮೀ. ಹಿಡಿಯುವುದು ಕ್ಷೇಮ. ಮುಂಬೈಯನ್ನು ಬೆಳಗ್ಗೆ 6ಕ್ಕೆ ಬಿಟ್ಟವರು ಸಂಜೆ 4ರ ಹೊತ್ತಿಗೆ ಸುಮಾರು 490 ಕಿ.ಮೀ. ದೂರದ ಬೆಳಗಾವಿ ಮುಟ್ಟಬಹುದು. ಅದು ಹೆಚ್ಚುಕಡಿಮೆ ದಾರಿಯ ನಡುಮಧ್ಯ. ಆದರೆ ಮನೆ ಬಿಡುವಾಗಲೇ 10 ಗಂಟೆಯಾಯಿತೆಂದರೆ ಬೆಳಗಾವಿ ತಲುಪುವುದು ರಾತ್ರಿ 8ಕ್ಕೆ. ಸಾತಾರಾ-ಕಾಗಲ್ ನಡುವಿನ ರಸ್ತೆ ಅಗಲೀಕರಣದ ಅಡ್ಡದಾರಿಗಳು ಸಿಕ್ಕರೆ ಇನ್ನೂ ತಡ. ಅಂಥವರಿಗೆ 380 ಕಿ.ಮೀ. ದೂರದ ಕೊಲ್ಲಾಪುರವೇ ಸರಿಯಾದ ನಿಲುಗಡೆ. ಪುಣೆಯಿಂದ ಹೊರಡುವವರಿಗೆ ಬೆಳಗಾವಿ 340 ಕಿ.ಮೀ., ಹುಬ್ಬಳ್ಳಿ 430 ಕಿ.ಮೀ. ಇಲ್ಲಿಯೂ ಮನೆ ಬಿಟ್ಟ ಗಂಟೆಯೇ ಊರನ್ನು ನಿರ್ಧರಿಸಬೇಕು.

ಚೆನ್ನೈಯಿಂದ ಮಂಗಳೂರು, ಉಡುಪಿಗೆ ಹೋಗುವವರು ಸಾಮಾನ್ಯವಾಗಿ ಬೆಂಗಳೂರಿನ ಒಳಗೆ ತಂಗುತ್ತಾರೆ. ಮರುದಿನ ಬೆಳಗ್ಗೆ ನಗರ ದಾಟುವುದಕ್ಕೇ ಒಂದೂವರೆ ಗಂಟೆ ಹೋಗುತ್ತದೆ. ಅದರ ಬದಲು ಮೊದಲ ದಿನವೇ ನಗರ ದಾಟಿ ನೆಲಮಂಗಲ ಅಥವಾ ಕುಣಿಗಲ್ ಕಡೆ ತಂಗಿದರೆ ಮರುದಿನ ಶಿರಾಡಿ ಘಾಟಿಯನ್ನು ಹಗಲು ಬೆಳಕಿನಲ್ಲಿ ಇಳಿಯಬಹುದು. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದು ಹೊಸತೇನಲ್ಲ. ಕರಾವಳಿಯ ಹೆದ್ದಾರಿ 66ರಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ನಡೆದ ಭೂಕುಸಿತವನ್ನು, ಮೂರೇ ವಾರದಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದದ್ದನ್ನು ಆ ಭಾಗದವರು ಮರೆತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಯ ಮೇಲ್ಭಾಗದಲ್ಲೇ ತಂಗುವುದು, ರದ್ದು ಮಾಡಿದರೆ ಹಣ ವಾಪಸಾಗುವ ಕೋಣೆಯನ್ನೇ ಹಿಡಿಯುವುದು ಜಾಣತನ.

ದೆಹಲಿಯಿಂದ ಬೆಂಗಳೂರಿಗೆ ಹೆದ್ದಾರಿ 44ರಲ್ಲಿ 2,100 ಕಿ.ಮೀ.ಗೂ ಹೆಚ್ಚು. ಝಾನ್ಸಿ, ನಾಗ್ಪುರ, ಹೈದರಾಬಾದ್ ಎಂದು ಮೂರು ರಾತ್ರಿಗಳ ಯೋಜನೆ ಜನಪ್ರಿಯ. ಆದರೆ ಝಾನ್ಸಿ-ನಾಗ್ಪುರ ನಡುವಿನ ಸುಮಾರು 600 ಕಿ.ಮೀ. ಹಿರಿಯರಿಗೆ ದಣಿವಿನ ದಿನ. ಝಾನ್ಸಿ, ಸಿವನಿ, ನಿರ್ಮಲ್, ಕರ್ನೂಲು ಎಂದು ನಾಲ್ಕು ರಾತ್ರಿ ಮಾಡಿದರೆ ಯಾವ ದಿನವೂ 500 ಕಿ.ಮೀ. ಮೀರುವುದಿಲ್ಲ. ಒಂದು ರಾತ್ರಿಯ ಬಾಡಿಗೆ ಹೆಚ್ಚಾಗುತ್ತದೆ, ಸಣ್ಣ ಊರುಗಳಲ್ಲಿ ಒಳ್ಳೆಯ ಕೋಣೆಯ ಆಯ್ಕೆಯೂ ಕಡಿಮೆ. ಆದ್ದರಿಂದ ಅಲ್ಲಿ ಮುಂಗಡ ಬುಕಿಂಗ್ ಅನಿವಾರ್ಯ. ದೊಡ್ಡ ನಗರದಲ್ಲಿ ಸಂಜೆ ಹೋಗಿ ಹುಡುಕಿದರೂ ನಡೆದೀತು.

ಊರು ತುಂಬಿರುವ ದಿನಗಳು

ದೂರದ ಲೆಕ್ಕ ಸರಿಯಾದರೂ ದಿನದ ಲೆಕ್ಕ ತಪ್ಪಬಹುದು. ಬೆಳಗಾವಿಯಲ್ಲಿ ಡಿಸೆಂಬರ್‌ನ ಚಳಿಗಾಲದ ಅಧಿವೇಶನ ಬಂತೆಂದರೆ ಶಾಸಕರು, ಅಧಿಕಾರಿಗಳು, ಪೊಲೀಸರು, ಪತ್ರಕರ್ತರಿಗಾಗಿ ನಗರದ ಕೋಣೆಗಳು ಮೊದಲೇ ಕಾಯ್ದಿರಿಸಲ್ಪಡುತ್ತವೆ. ಸುವರ್ಣ ವಿಧಾನಸೌಧ ಇರುವುದು ಇದೇ ಹೆದ್ದಾರಿಯ ಪಕ್ಕದಲ್ಲಿ. ಹುಬ್ಬಳ್ಳಿ-ಧಾರವಾಡದ ಹೋಟೆಲ್‌ಗಳಿಗೂ ಆ ಬಿಸಿ ತಟ್ಟುತ್ತದೆ. ನವರಾತ್ರಿಯಲ್ಲಿ ಕೊಲ್ಲಾಪುರದ ಮಹಾಲಕ್ಷ್ಮಿ ದರ್ಶನಕ್ಕೆ ಬರುವ ಭಕ್ತರಿಂದ ಆ ಊರು ತುಂಬಿರುತ್ತದೆ. ಮದುವೆಯ ಮುಹೂರ್ತಗಳಿರುವ ದಿನಗಳಲ್ಲಿ ದಾವಣಗೆರೆ, ಚಿತ್ರದುರ್ಗದಂಥ ಊರುಗಳಲ್ಲೂ ಕಲ್ಯಾಣ ಮಂಟಪದವರು ಇಡೀ ಲಾಡ್ಜ್ ಹಿಡಿದಿರುವುದುಂಟು. ಪಂಚಾಂಗ ನೋಡಿ ಪ್ರಯಾಣ ಹೊರಡುವ ಹಳೆಯ ಪದ್ಧತಿ ಈ ಕಾರಣಕ್ಕಾದರೂ ಉಪಯೋಗಕ್ಕೆ ಬರುತ್ತದೆ.

ಗಡಿ ದಾಟಿದ ಮೇಲೆ ಹೊರರಾಜ್ಯದಲ್ಲಿ ಬೆಳೆದ ಮಕ್ಕಳಿಗೆ ಗೊಂದಲವಾಗುವ ಇನ್ನೊಂದು ಸಂಗತಿ ಇದೆ. ಕರ್ನಾಟಕದಲ್ಲಿ ‘ಹೋಟೆಲ್’ ಎಂಬ ಬೋರ್ಡು ಬಹಳ ಸಲ ಇಡ್ಲಿ-ದೋಸೆಯ ಜಾಗ, ಅಲ್ಲಿ ಕೋಣೆ ಇರುವುದಿಲ್ಲ. ತಂಗಲು ಹುಡುಕಬೇಕಾದದ್ದು ‘ಲಾಡ್ಜ್’, ‘ವಸತಿಗೃಹ’ ಅಥವಾ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’. ಹೆದ್ದಾರಿಯ ಪಕ್ಕದ ಕೆಲವು ಲಾಡ್ಜ್‌ಗಳ ಕೆಳಮಹಡಿಯಲ್ಲಿ ಬಾರ್ ಇರುತ್ತದೆ. ಕುಟುಂಬದವರಿಗೆ ಇದು ಗೊತ್ತಾಗುವುದು ಸಾಮಾನು ಇಳಿಸಿದ ಮೇಲೆ.

ಆ್ಯಪ್ ಹೇಳದ ವಿಷಯಗಳು

ಬುಕಿಂಗ್ ಆ್ಯಪ್‌ಗಳು ಆಯ್ಕೆಯನ್ನು ಸುಲಭ ಮಾಡಿವೆ, ಸುಳ್ಳಲ್ಲ. ಆದರೆ ಅವುಗಳ ವ್ಯವಹಾರದ ಮೇಲೆ ಸರ್ಕಾರಿ ಸಂಸ್ಥೆಗಳೇ ಕಣ್ಣಿಟ್ಟಿವೆ. ಹೋಟೆಲ್‌ಗಳು ತಮ್ಮ ಕೋಣೆಯನ್ನು ಬೇರೆಡೆ ಕಡಿಮೆ ದರಕ್ಕೆ ಕೊಡಬಾರದು ಎಂಬ ಕರಾರಿನ ಪ್ರಕರಣದಲ್ಲಿ 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಮೇಕ್‌ಮೈಟ್ರಿಪ್-ಗೋಐಬಿಬೋ ಸಮೂಹಕ್ಕೆ 223.48 ಕೋಟಿ ರೂ. ದಂಡ ವಿಧಿಸಿ, ಕರಾರು ಬದಲಿಸಲು ಸೂಚಿಸಿತ್ತು. ‘ಒಂದೇ ಕೋಣೆ ಉಳಿದಿದೆ’ ಎಂಬಂಥ ಸುಳ್ಳು ಅವಸರ, ಕೊನೆಯ ಹಂತದಲ್ಲಿ ಸೇರಿಕೊಳ್ಳುವ ಶುಲ್ಕಗಳು 2023ರ ನವೆಂಬರ್‌ನಲ್ಲಿ ಹೊರಬಂದ ಕೇಂದ್ರದ ಮಾರ್ಗಸೂಚಿಯಲ್ಲಿ ಪಟ್ಟಿಮಾಡಿರುವ 13 ಬಗೆಯ ವಂಚಕ ವಿನ್ಯಾಸಗಳಲ್ಲಿ ಸೇರಿವೆ. ದೂರು ಕೊಡಬೇಕಾದವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇಷ್ಟೆಲ್ಲ ಇದ್ದರೂ ದಾರಿಯ ಹೋಟೆಲ್‌ಗೆ ನೇರವಾಗಿ ಒಂದು ಫೋನ್ ಮಾಡುವುದಕ್ಕೆ ಸಮನಾದದ್ದು ಇಲ್ಲ. ಆ ಫೋನಿನಲ್ಲಿ ಕೇಳಬೇಕಾದವು ಚಿತ್ರದಲ್ಲಿ ಕಾಣದ ವಿಷಯಗಳು:

- ಲಿಫ್ಟ್ ಇದೆಯೇ, ಇಲ್ಲದಿದ್ದರೆ ಹಿರಿಯರಿಗೆ ಕೆಳಮಹಡಿಯ ಕೋಣೆ ಸಿಗುತ್ತದೆಯೇ? ಕಮೋಡ್ ಪಾಶ್ಚಾತ್ಯ ಶೈಲಿಯದೇ?
- ಬಿಸಿನೀರು ದಿನವಿಡೀ ಬರುತ್ತದೆಯೋ, ಸೋಲಾರ್ ಲೆಕ್ಕದಲ್ಲಿ ಬೆಳಗಿನ ಕೆಲವು ಗಂಟೆ ಮಾತ್ರವೋ?
- ಎಷ್ಟು ವಯಸ್ಸಿನ ಮಕ್ಕಳಿಗೆ ಶುಲ್ಕವಿಲ್ಲ? ಹೆಚ್ಚುವರಿ ಹಾಸಿಗೆಗೆ ಎಷ್ಟು?
- ಚೆಕ್‌ಔಟ್ ಮಧ್ಯಾಹ್ನ 12ಕ್ಕೋ, 24 ಗಂಟೆಯ ಲೆಕ್ಕವೋ?
- ಕಾರು ನಿಲ್ಲುವುದು ಕಾಂಪೌಂಡಿನ ಒಳಗೋ, ರಸ್ತೆಯಲ್ಲೋ? ತಲೆಯ ಮೇಲೆ ಕ್ಯಾರಿಯರ್ ಕಟ್ಟಿದ ಕಾರು ನೆಲಮಾಳಿಗೆಯೊಳಗೆ ಹೋಗುತ್ತದೆಯೇ?

ದಕ್ಷಿಣದ ಅನೇಕ ಊರುಗಳ ಹಳೆಯ ಲಾಡ್ಜ್‌ಗಳು ಇಂದಿಗೂ 24 ಗಂಟೆಯ ಲೆಕ್ಕ ಇಟ್ಟಿವೆ. ಬೆಳಗಿನ ಜಾವ ತಲುಪಿ ಮಧ್ಯಾಹ್ನದವರೆಗೆ ಮಲಗುವವರಿಗೆ ಅದು ಅನುಕೂಲ. ಸಂಜೆ ಬಂದು ಮುಂಜಾನೆ ಹೊರಡುವ ಕುಟುಂಬಕ್ಕೆ ಚೆಕ್‌ಔಟ್ ಸಮಯಕ್ಕಿಂತ ಬೆಳಗ್ಗೆ 6ಕ್ಕೆ ಗೇಟು ತೆಗೆಯುತ್ತಾರೆಯೇ, ತಿಂಡಿ ಎಷ್ಟು ಹೊತ್ತಿಗೆ ಎಂಬುದೇ ಮುಖ್ಯ. 9 ಗಂಟೆಗೆ ಶುರುವಾಗುವ ‘ಉಚಿತ ಉಪಾಹಾರ’ದಿಂದ ಅವರಿಗೆ ಪ್ರಯೋಜನವಿಲ್ಲ.

ಗುರುತಿನ ಚೀಟಿಯದು ಇನ್ನೊಂದು ಗೋಜಲು. ಮನೆಯ ಯಜಮಾನನ ಕಾರ್ಡು ಸಾಕು ಎಂದುಕೊಂಡು ಹೊರಟು, ರಿಸೆಪ್ಷನ್‌ನಲ್ಲಿ ಅಜ್ಜ-ಅಜ್ಜಿಯ ಕಾರ್ಡು ಕೇಳಿದಾಗ ಪರದಾಡುವವರಿದ್ದಾರೆ. ವಯಸ್ಕರೆಲ್ಲರ ಗುರುತಿನ ಚೀಟಿ ಜೊತೆಗಿರಲಿ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಬಹುದು. ರಜೆಗೆ ಬಂದ ಅಮೆರಿಕದ ಮೊಮ್ಮಗ ವಿದೇಶಿ ಪಾಸ್‌ಪೋರ್ಟ್ ಹೊಂದಿದ್ದರೆ ಮೊದಲೇ ತಿಳಿಸುವುದು ಒಳ್ಳೆಯದು. ವಿದೇಶಿ ಪ್ರಜೆಗಳು ತಂಗಿದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ಮಾಹಿತಿ ಕೊಡಬೇಕಾದ್ದರಿಂದ, ಆ ವ್ಯವಸ್ಥೆಯಿಲ್ಲದ ಸಣ್ಣ ಲಾಡ್ಜ್‌ಗಳು ಬಾಗಿಲಲ್ಲೇ ಕೈಮುಗಿಯುತ್ತವೆ.

ಯಾರೂ ಕೇಳದ ಪ್ರಶ್ನೆ: ಎರಡನೇ ಮೆಟ್ಟಿಲು

ರೇಟಿಂಗ್ ನೋಡುತ್ತೇವೆ, ಹಾಸಿಗೆಯ ಚಿತ್ರ ನೋಡುತ್ತೇವೆ. ಬೆಂಕಿ ಬಿದ್ದರೆ ಹೊರಬರುವ ದಾರಿ ಯಾವುದು ಎಂದು ನೋಡುವವರು ವಿರಳ. ದೆಹಲಿಯ ಕರೋಲ್ ಬಾಗ್‌ನ ಹೋಟೆಲೊಂದರಲ್ಲಿ 2019ರ ಫೆಬ್ರವರಿಯಲ್ಲಿ 17 ಮಂದಿ ಸತ್ತರು. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದ್‌ನಲ್ಲಿ ಕಟ್ಟಡದ ಕೆಳಭಾಗದ ವಿದ್ಯುತ್ ಸ್ಕೂಟರ್ ಮಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಲಾಡ್ಜ್‌ಗೆ ನುಗ್ಗಿ 8 ಮಂದಿ ಪ್ರಾಣ ಬಿಟ್ಟರು. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಬಡಾಬಜಾರ್ ಪ್ರದೇಶದ ಹೋಟೆಲ್‌ನಲ್ಲಿ 14 ಮಂದಿ ಬಲಿಯಾದರು. ಇಂಥ ದುರಂತಗಳಲ್ಲಿ ಜ್ವಾಲೆಗಿಂತ ಹೆಚ್ಚು ಜನರನ್ನು ಕೊಲ್ಲುವುದು ಹೊಗೆ. ಒಂದೇ ಮೆಟ್ಟಿಲು ಇದ್ದರೆ ಅದೇ ಹೊಗೆಯ ಕೊಳವೆಯಾಗುತ್ತದೆ.

ಅತಿಥಿ ಇದನ್ನು ಗಮನಿಸಲು ಎರಡು ನಿಮಿಷ ಸಾಕು. ಎರಡನೇ ಮೆಟ್ಟಿಲು ಇದೆಯೇ, ಅದರ ಬಾಗಿಲಿಗೆ ಬೀಗ ಹಾಕಿದೆಯೇ, ಕಿಟಕಿಗಳಿಗೆ ತೆರೆಯಲಾಗದ ಕಬ್ಬಿಣದ ಸರಳು ಬಡಿದಿದೆಯೇ, ಕೆಳಗೆ ಬ್ಯಾಟರಿ ಚಾರ್ಜಿಂಗ್ ಅಥವಾ ಗೋದಾಮು ಇದೆಯೇ? ಮಕ್ಕಳು, ಹಿರಿಯರು ಜೊತೆಗಿದ್ದರೆ ಮೊದಲ ಅಥವಾ ಎರಡನೇ ಮಹಡಿಗಿಂತ ಮೇಲೆ ಹೋಗದಿರುವುದು ಲೇಸು. ಅಗ್ನಿಶಾಮಕ ಇಲಾಖೆಯ ಅನುಮತಿ ಪತ್ರ ಚಾಲ್ತಿಯಲ್ಲಿದೆಯೇ ಎಂಬುದನ್ನು ಬುಕಿಂಗ್ ಪುಟದಲ್ಲೇ ತೋರಿಸುವಂತೆ ಮಾಡಿದರೆ ದೊಡ್ಡ ಖರ್ಚೇನೂ ಇಲ್ಲ. ಈಜುಕೊಳ ಇದೆಯೇ ಎಂದು ಸೋಸಿ ತೋರಿಸುವ ಆ್ಯಪ್‌ಗೆ ಇದೂ ಸಾಧ್ಯ.

ಕಾರಿನ ಕೀ ಕೊಟ್ಟ ಮೇಲೆ

ಸಾಮಾನು ತುಂಬಿದ ಕಾರು ರಾತ್ರಿಯಿಡೀ ಹೊರಗೆ ನಿಂತಿರುತ್ತದೆ. ‘ವಾಹನ ನಿಲುಗಡೆ ಮಾಲೀಕರ ಹೊಣೆ’ ಎಂಬ ಫಲಕ ಎಲ್ಲೆಡೆ ಕಾಣುತ್ತದೆ. ಆ ಫಲಕವೇ ಕೊನೆಯ ಮಾತಲ್ಲ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲ್‌ನಲ್ಲಿ ಅತಿಥಿಯೊಬ್ಬರು ನಿಲುಗಡೆಗೆ ಒಪ್ಪಿಸಿದ ಕಾರು ಕಳುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ತೀರ್ಪು ನೀಡಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಅವರಿದ್ದ ಪೀಠದ ತೀರ್ಪು ಅದು. ಕೀಯನ್ನು ಸಿಬ್ಬಂದಿಗೆ ಒಪ್ಪಿಸಿದ ಮೇಲೆ ಕಾರನ್ನು ಸುರಕ್ಷಿತವಾಗಿ ಮರಳಿಸುವ ಹೊಣೆ ಹೋಟೆಲಿನದು, ತನ್ನ ನಿರ್ಲಕ್ಷ್ಯವನ್ನು ಫಲಕದ ಮರೆಯಲ್ಲಿ ಅಡಗಿಸುವಂತಿಲ್ಲ ಎಂಬುದು ಅದರ ಸಾರ. ಹಾಗಾಗಿ ಕೀ ಕೊಟ್ಟರೆ ಟೋಕನ್ ಪಡೆದು ಜೋಪಾನವಾಗಿಡಬೇಕು. ನಾವೇ ರಸ್ತೆ ಬದಿ ನಿಲ್ಲಿಸಿ ಬಂದ ಕಾರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ.

ಚಾಲಕ ಮಲಗುವುದೆಲ್ಲಿ?

ಬಾಡಿಗೆ ಇನ್ನೋವಾ ಅಥವಾ ಟೆಂಪೊ ಟ್ರಾವೆಲರ್‌ನಲ್ಲಿ ಹೊರಟ ಕುಟುಂಬದ ಲೆಕ್ಕದಲ್ಲಿ ಎಲ್ಲರಿಗೂ ಹಾಸಿಗೆ ಇರುತ್ತದೆ, ಒಬ್ಬರನ್ನು ಬಿಟ್ಟು. ಹತ್ತು ಗಂಟೆ ಗಾಡಿ ಓಡಿಸಿದ ಚಾಲಕನಿಗೆ ದಿನದ ಬಾಟಾ ಕೊಟ್ಟು ‘ಬೆಳಗ್ಗೆ ಐದೂವರೆಗೆ ರೆಡಿ ಇರಪ್ಪ’ ಎಂದರೆ ಮುಗಿಯಿತು. ಆತ ಸೀಟು ಹಿಂದಕ್ಕೆ ಬಾಗಿಸಿ, ಸೊಳ್ಳೆಗಳ ನಡುವೆ ಅರೆನಿದ್ದೆಯಲ್ಲಿ ರಾತ್ರಿ ಕಳೆಯುತ್ತಾನೆ. ಮರುದಿನ ಇಡೀ ಕುಟುಂಬದ ಜೀವ ಅವನ ಕಣ್ಣೆವೆಯ ಮೇಲೆ ನಿಂತಿರುತ್ತದೆ.

ತಮಿಳುನಾಡು ಸರ್ಕಾರ 2023ರಲ್ಲಿ ತನ್ನ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು, ಹೋಟೆಲ್ ಮತ್ತು ಲಾಡ್ಜ್‌ಗಳು ಅತಿಥಿಗಳ ಚಾಲಕರಿಗೆ ಮಲಗುವ ಜಾಗ, ಶೌಚಾಲಯ ಒದಗಿಸಬೇಕೆಂದು ಹೇಳಿತು. ದೇಶದ ಉಳಿದ ರಾಜ್ಯಗಳೂ ಅನುಸರಿಸಬಹುದಾದ ಹೆಜ್ಜೆ ಇದು. ನಿಯಮ ಬರುವವರೆಗೆ ಕುಟುಂಬಗಳೇ ಮಾಡಬಹುದಾದದ್ದು ಸರಳ. ಬುಕಿಂಗ್ ಮಾಡುವಾಗ ಚಾಲಕರ ಡಾರ್ಮಿಟರಿ ಇದೆಯೇ ಎಂದು ಕೇಳುವುದು. ಇಲ್ಲದಿದ್ದರೆ ಹತ್ತಿರದಲ್ಲೇ ಒಂದು ಸಣ್ಣ ಕೋಣೆ ಹಿಡಿದುಕೊಡುವುದು. ಸಾವಿರ ರೂಪಾಯಿ ಆಸುಪಾಸಿನ ಈ ಖರ್ಚನ್ನು ಪ್ರಯಾಣದ ವಿಮೆ ಎಂದುಕೊಂಡರಾಯಿತು. ಮನೆಯವರೇ ಕಾರು ಓಡಿಸುವುದಾದರೂ ಮಾತು ಅದೇ. ಚಕ್ರ ಹಿಡಿಯುವವರಿಗೆ ಮಕ್ಕಳ ಗಲಾಟೆಯಿಲ್ಲದ ಕೋಣೆ, ಏಳು ಗಂಟೆ ನಿದ್ದೆ ಮೊದಲು ಸಿಗಬೇಕು.

ರಸ್ತೆಯ ಜೊತೆ ನೆರಳೂ ಬೇಕು

ಹೆದ್ದಾರಿಗಳಲ್ಲಿ 40ರಿಂದ 60 ಕಿ.ಮೀ.ಗೊಂದು ಸೌಲಭ್ಯ ಕೇಂದ್ರ ನಿರ್ಮಿಸುವುದು ಕೇಂದ್ರದ ಘೋಷಿತ ಯೋಜನೆ. 2024ರ ಅಕ್ಟೋಬರ್‌ನಲ್ಲಿ ‘ಹಮ್‌ಸಫರ್’ ನೀತಿಯೂ ಬಂತು. ಸ್ವಚ್ಛ ಶೌಚಾಲಯ, ಮಕ್ಕಳ ಆರೈಕೆ ಕೋಣೆ, ಡಾರ್ಮಿಟರಿಗಳ ಪ್ರಸ್ತಾಪ ಅದರಲ್ಲಿದೆ. ಇವು ಕಾಗದದಿಂದ ರಸ್ತೆಗಿಳಿದಷ್ಟೂ ಒಳ್ಳೆಯದು. ಆದರೆ ಹೋಟೆಲ್‌ಗಳ ಗುಣಮಟ್ಟದ ವಿಷಯದಲ್ಲಿ ಒಂದು ದೊಡ್ಡ ಖಾಲಿ ಜಾಗ ಉಳಿದಿದೆ. ಪ್ರವಾಸೋದ್ಯಮ ಸಚಿವಾಲಯದ ತಾರಾ ಶ್ರೇಣಿ ಸ್ವಯಂಪ್ರೇರಿತ. ಹೆದ್ದಾರಿ ಬದಿಯ 2,000 ರೂ.ಗಳ ಲಾಡ್ಜ್ ಅದರ ಗೋಜಿಗೇ ಹೋಗುವುದಿಲ್ಲ. ಮಧ್ಯಮ ವರ್ಗದ ಕುಟುಂಬ ತಂಗುವುದು ಮಾತ್ರ ಅಲ್ಲೇ. ನೀರು, ಬೆಂಕಿ ಸುರಕ್ಷತೆ, ನಿಲುಗಡೆ, ಚಾಲಕರ ಹಾಸಿಗೆ ಎಂಬ ನಾಲ್ಕು ಅಂಶಗಳ ಒಂದು ಸರಳ ಪ್ರಮಾಣಪತ್ರವನ್ನು ರಾಜ್ಯಗಳು ತಂದರೂ ಈ ಖಾಲಿ ಜಾಗ ತುಂಬುತ್ತದೆ.

ಅಲ್ಲಿಯವರೆಗೆ ಲೆಕ್ಕ ಪ್ರಯಾಣಿಕರ ಕೈಯಲ್ಲೇ ಇದೆ. ತೆರಿಗೆ ಕಡಿತದಿಂದ ಉಳಿದ 350 ರೂ. ಒಂದು ಕಡೆ, ಸಂಜೆ ಆರರೊಳಗೆ ಕಾರು ನಿಲ್ಲಿಸುವ ಶಿಸ್ತು ಇನ್ನೊಂದು ಕಡೆ. ಊರಿನಲ್ಲಿ ದಾರಿ ಕಾಯುವವರಿಗೆ ಮೊಮ್ಮಕ್ಕಳು ಒಂದು ದಿನ ತಡವಾಗಿ ಬಂದರೂ ಬೇಸರವಿಲ್ಲ. ‘ಎಲ್ಲಿದ್ದೀರಿ?’ ಎಂದು ರಾತ್ರಿ ಹತ್ತಕ್ಕೆ ಫೋನ್ ಮಾಡಿದಾಗ ‘ಇನ್ನೂ ದಾರಿಯಲ್ಲಿದ್ದೇವೆ’ ಎಂಬ ಉತ್ತರ ಬರಬಾರದು, ಅಷ್ಟೇ.